ಪೈಪೋಟಿಯ ವಕೀಲರು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 20 ಕಿಲೋಮೀಟರಿನ ದಾರಿ. ಆ ದಾರಿಯ ಮಗ್ಗುಲಲ್ಲಿ ರಾಯಾಪುರ. ಹೊಲಗಳ ನಡುವಿನ ಊರಾಗಿದ್ದ ಅದು ಇಂದು ಅವಳಿ ನಗರದ ಒಂದು ಅಂಗವಾಗಿ ಬೆಳೆದಿದೆ. ಕೈಗಾರಿಕೆಯ ಶೆಡ್ಡುಗಳು, ಇಸ್ಕಾನಿನ ಮಂದಿರ, ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಕಳಿಸುವ ಅಕ್ಷಯಪಾತ್ರದ ದೊಡ್ಡ ಅಡಿಗೆಮನೆ, ಇವೆಲ್ಲ ಅಲ್ಲಿ ಒಂದೇ ರಸ್ತೆಯ ಆಸುಪಾಸಿಗೆ ಸೇರಿಕೊಂಡಿವೆ. ಈ ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಪೈಪೋಟಿಯೆಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಸರಕಾರಿ ಸಾರಿಗೆಯ ಬಸ್ಸೂ ಖಾಸಗಿಯವರ ‘ಬೇಂದ್ರೆ’ ಬಸ್ಸೂ ಹಲವು ವರ್ಷ ಇಲ್ಲಿ ಒಂದರ ಬೆನ್ನಿಗೊಂದು ಓಡಿದುವು. 2018ರಲ್ಲಿ ಪ್ರತ್ಯೇಕ ಪಥದ ‘ಚಿಗರಿ’ ಬಸ್ಸುಗಳೂ ಬಂದು ಸೇರಿಕೊಂಡುವು. ಯಾವುದು ಮೊದಲು ಬಂದಿತೋ, ಯಾವುದರಲ್ಲಿ ಕೂಡಲು ಜಾಗವಿತ್ತೋ ಅದನ್ನು ಪ್ರಯಾಣಿಕ ಹತ್ತಿದ. ಆಯ್ಕೆ ಅವನ ಕೈಯಲ್ಲಿತ್ತು.

ಪೈಪೋಟಿಯ ಮಹತ್ವವೆಲ್ಲ ಅಡಗಿರುವುದು ಈ ಸಣ್ಣ ಮಾತಿನಲ್ಲಿಯೇ. ಆಯ್ಕೆಯು ಕೊಳ್ಳುವವನ ಕೈಯಲ್ಲಿರುವವರೆಗೆ ಮಾರುವವನು ಎಚ್ಚರವಾಗಿರುತ್ತಾನೆ. ಮಾರುವವರೆಲ್ಲರೂ ಒಂದು ಕೋಣೆಯಲ್ಲಿ ಕುಳಿತು, ಬಾಗಿಲು ಹಾಕಿಕೊಂಡು, ‘ಇಷ್ಟಕ್ಕಿಂತ ಕಡಿಮೆಗೆ ಯಾರೂ ಕೊಡಕೂಡದು’ ಎಂದೋ, ‘ಆ ಬೀದಿ ನಿನ್ನದು, ಈ ಬೀದಿ ನನ್ನದು’ ಎಂದೋ ಮಾತು ಕಟ್ಟಿಕೊಂಡರೆ ಆ ಎಚ್ಚರ ಹೋಯಿತು. ಅಂಗಡಿಗಳು ಹತ್ತಿದ್ದರೂ ವ್ಯಾಪಾರಿ ಒಬ್ಬನೇ ಆದಂತಾಯಿತು. ಇಂಥ ಬಾಗಿಲನ್ನು ತೆರೆಸುವುದಕ್ಕಾಗಿ ಹುಟ್ಟಿದ ಶಾಸನವೇ ಸ್ಪರ್ಧಾ ಕಾನೂನು. ಈ ಕಾನೂನಿನ ಸುತ್ತ ದಿಲ್ಲಿ, ಮುಂಬಯಿ, ಬೆಂಗಳೂರುಗಳ ದೊಡ್ಡ ವಕೀಲಿ ಸಂಸ್ಥೆಗಳಲ್ಲಿ ಇಂದು ಒಂದು ಹೊಸ ವೃತ್ತಿಯೇ ಬೆಳೆದು ನಿಂತಿದೆ. ಕೋಟಿಗಳ ಲೆಕ್ಕದಲ್ಲಿ ನಡೆಯುವ ಆ ವ್ಯವಹಾರಕ್ಕೂ ರಾಯಾಪುರದಂಥ ಊರಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಉಂಟು; ಅದೂ ಹತ್ತಿರದ್ದೇ.

ಲಿಲಾವಿನ ಕಟ್ಟೆಯಿಂದ ಆಯೋಗದವರೆಗೆ

ಧಾರವಾಡ ಸೀಮೆಗೆ ಈ ವಿಚಾರ ಹೊಸತಲ್ಲ. ಹತ್ತಿಯ ಪೇಟೆಗಳಲ್ಲಿ ರೈತನ ಮಾಲಿಗೆ ನ್ಯಾಯವಾದ ದರ ಸಿಗಬೇಕಾದರೆ ಖರೀದಿದಾರರು ಬಹಿರಂಗವಾಗಿ ಸವಾಲು ಕೂಗಬೇಕು, ತೂಕದಲ್ಲಿ ಮೋಸವಿರಬಾರದು ಎಂಬ ತಿಳಿವಳಿಕೆಯಿಂದಲೇ ಮುಂಬಯಿ ಸರಕಾರ 1927ರಲ್ಲಿ ಹತ್ತಿ ಮಾರುಕಟ್ಟೆಗಳ ಕಾಯಿದೆಯನ್ನು ಮಾಡಿತ್ತು. ರುಮಾಲಿನ ಕೆಳಗೆ ಬೆರಳು ಮುಟ್ಟಿ ದರ ಹೇಳುವ ಗುಟ್ಟಿನ ಪದ್ಧತಿ ದೇಶದ ಹಲವು ಪೇಟೆಗಳಲ್ಲಿ ಆಗ ರೂಢಿಯಲ್ಲಿತ್ತು. ಮಾಲಿನ ಒಡೆಯನಾದ ರೈತ ಎದುರಿಗೇ ನಿಂತಿದ್ದರೂ ಅವನಿಗೆ ಆ ಬೆರಳುಗಳ ಭಾಷೆ ತಿಳಿಯುತ್ತಿರಲಿಲ್ಲ. ಇಂದು ರಾಯಾಪುರದ ನೆರೆಯ ಅಮರಗೋಳದ ವಿಶಾಲ ಮಾರುಕಟ್ಟೆಯಲ್ಲಿ ದರ ಕೂಗುವ ರೀತಿಯೇ ಬದಲಾಗಿದೆ. ವಿದ್ಯುನ್ಮಾನ ಟೆಂಡರಿನ ಕಾಲ ಬಂದಿದೆ. ಆದರೆ ಒಂದು ಮಾತು ಬದಲಾಗಿಲ್ಲ. ಖರೀದಿದಾರರು ಹಿಂದಿನ ರಾತ್ರಿಯೇ ಮಾತಾಡಿಕೊಂಡು ಬಂದರೆ ಲಿಲಾವು ಬರಿಯ ನಾಟಕ. ಯಂತ್ರದಲ್ಲಿ ಒತ್ತಿದರೂ ಅಷ್ಟೆ, ಬಾಯಿಂದ ಕೂಗಿದರೂ ಅಷ್ಟೆ.

ಅಮೆರಿಕೆಯಲ್ಲಿ ಎಣ್ಣೆ, ರೈಲು, ಸಕ್ಕರೆಗಳ ದೊರೆಗಳು ‘ಟ್ರಸ್ಟ್’ ಎಂಬ ಹೆಸರಿನಲ್ಲಿ ಪೇಟೆಗಳನ್ನು ಕೈವಶ ಮಾಡಿಕೊಂಡಾಗ ಅಲ್ಲಿಯ ಶಾಸನಸಭೆ 1890ರಲ್ಲಿ ಶೆರ್ಮನ್ ಕಾಯಿದೆಯನ್ನು ಅಂಗೀಕರಿಸಿತು. ಅದರ ಬಲದಿಂದಲೇ 1911ರಲ್ಲಿ ರಾಕ್‌ಫೆಲ್ಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಒಡೆದು ಹಂಚಲಾಯಿತು. ಭಾರತದಲ್ಲಿ 1969ರ ಏಕಸ್ವಾಮ್ಯ ನಿಯಂತ್ರಣ ಕಾಯಿದೆ ಬಂದಿತು. ಆ ಕಾಯಿದೆಗೆ ದೊಡ್ಡತನವೇ ಸಂಶಯದ ವಸ್ತುವಾಗಿತ್ತು: ಕಂಪನಿ ಬೆಳೆಯಬೇಕಾದರೆ ಸರಕಾರದ ಅಪ್ಪಣೆ ಬೇಕು. 1991ರ ಆರ್ಥಿಕ ಬದಲಾವಣೆಯ ಬಳಿಕ ಆ ದೃಷ್ಟಿ ಹಳತಾಯಿತು. ಹೊಸ ಸ್ಪರ್ಧಾ ಕಾಯಿದೆ 2002ರಲ್ಲಿ ರೂಪುಗೊಂಡಿತು. ಅದರ ಮುಖ್ಯ ಕಲಮುಗಳು ಜಾರಿಗೆ ಬಂದದ್ದು ಮಾತ್ರ 2009ರ ಮೇ 20ರಂದು. ದೊಡ್ಡವನಾಗುವುದು ಈ ಕಾಯಿದೆಯ ಕಣ್ಣಿಗೆ ಅಪರಾಧವಲ್ಲ. ದೊಡ್ಡತನದ ಬಲದಿಂದ ಇತರರನ್ನು ಹೊಸಕುವುದು ಅಪರಾಧ. ಪ್ರತಿಸ್ಪರ್ಧಿಗಳು ಒಳಗೊಳಗೇ ಒಂದಾಗುವುದು ಅದಕ್ಕಿಂತಲೂ ದೊಡ್ಡ ಅಪರಾಧ. ಇಂಗ್ಲಿಷಿನಲ್ಲಿ ಇದಕ್ಕೆ ‘ಕಾರ್ಟೆಲ್’ ಎನ್ನುತ್ತಾರೆ. ಕನ್ನಡದಲ್ಲಿ ‘ಒಳಕೂಟ’ ಎಂದರೆ ಅರ್ಥ ಕೆಡುವುದಿಲ್ಲ. ಇವೆಲ್ಲವನ್ನು ವಿಚಾರಿಸುವುದು ಹೊಸದಿಲ್ಲಿಯಲ್ಲಿರುವ ಭಾರತ ಸ್ಪರ್ಧಾ ಆಯೋಗ. ಅದರ ಕೈಕೆಳಗೆ ತನಿಖೆ ನಡೆಸಲು ಒಬ್ಬ ಮಹಾನಿರ್ದೇಶಕರು.

ಕಚೇರಿಯೊಳಗಿನ ಕೆಲಸ

ಹಳೆಯ ಕಾಲದ ವಕೀಲನ ಚಿತ್ರ ನಮ್ಮ ಕಣ್ಣ ಮುಂದಿದೆ: ಕರಿಯ ಕೋಟು, ಕಂಕುಳಲ್ಲಿ ಕಾಗದದ ಕಟ್ಟು, ಜಮೀನು ಪಾಲಿನ ಖಟ್ಲೆ. ದೊಡ್ಡ ವಕೀಲಿ ಸಂಸ್ಥೆಯ ಚಿತ್ರ ಬೇರೆ. ಅಲ್ಲಿ ನೂರಾರು ವಕೀಲರು; ತೆರಿಗೆಗೊಂದು ವಿಭಾಗ, ಬ್ಯಾಂಕುಗಳಿಗೊಂದು, ಕಂಪನಿಗಳ ಖರೀದಿ ವಿಕ್ರಿಗೊಂದು. 2009ರ ತರುವಾಯ ಅವುಗಳ ಸಾಲಿಗೆ ಸ್ಪರ್ಧಾ ಕಾನೂನಿನ ವಿಭಾಗವೂ ಬಂದು ಕುಳಿತಿತು. 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅಮರಚಂದ್ ಮಂಗಳದಾಸ್ ಎಂಬ ಹೆಸರಾಂತ ಸಂಸ್ಥೆ 2015ರಲ್ಲಿ ಇಬ್ಬರು ಸಹೋದರರ ನಡುವೆ ಎರಡಾಯಿತು. ಎರಡರಲ್ಲಿಯೂ ಈ ವಿಭಾಗವುಂಟು. ಪೈಪೋಟಿಯ ಕಾನೂನನ್ನು ಬಲ್ಲ ಮನೆಯೇ ತನ್ನೊಡನೆ ತಾನು ಪೈಪೋಟಿಗಿಳಿದದ್ದು ಆ ವೃತ್ತಿಯವರ ನಡುವೆ ಒಂದು ವಿನೋದದ ಮಾತು ಆಗಿರಲಿಕ್ಕೂ ಸಾಕು.

ಈ ವಿಭಾಗದವರ ಕೆಲಸವೇನು? ಮೊದಲನೆಯದು ಮದುವೆಯ ಮಾತುಕತೆಯಂಥದು. ಎರಡು ದೊಡ್ಡ ಕಂಪನಿಗಳು ಒಂದಾಗಬೇಕಾದರೆ ಆಯೋಗದ ಒಪ್ಪಿಗೆ ಬೇಕು. ಒಂದಾದ ಮೇಲೆ ಪೇಟೆಯಲ್ಲಿ ಎಷ್ಟು ಮಂದಿ ಉಳಿಯುತ್ತಾರೆ, ಗಿರಾಕಿಗೆ ಬೇರೆ ದಾರಿ ಇದೆಯೆ ಎಂಬುದನ್ನು ವಕೀಲರು ಅಂಕಿ ಅಂಶಗಳೊಡನೆ ತೋರಿಸಿಕೊಡಬೇಕು. ಅರ್ಥಶಾಸ್ತ್ರಜ್ಞರನ್ನೂ ಜೊತೆಗಿಟ್ಟುಕೊಂಡು ಮಾಡತಕ್ಕ ಕೆಲಸ ಇದು. ಆಯೋಗವು 150 ದಿನಗಳೊಳಗೆ ತೀರ್ಮಾನ ಹೇಳಬೇಕೆಂದು 2024ರ ಸೆಪ್ಟೆಂಬರಿನಿಂದ ಕಟ್ಟಳೆಯಾಗಿದೆ. ಮೊದಲು 210 ದಿನಗಳ ಅವಧಿಯಿತ್ತು. ಕಂಪನಿಯ ಆಸ್ತಿ, ವಹಿವಾಟು ಸಣ್ಣದಾದರೂ ವ್ಯವಹಾರದ ಬೆಲೆ 2,000 ಕೋಟಿ ರೂಪಾಯಿ ಮೀರಿದರೆ, ಮತ್ತು ಆ ಕಂಪನಿಗೆ ಭಾರತದಲ್ಲಿ ಗಣನೀಯ ವ್ಯವಹಾರವಿದ್ದರೆ, ಆಗಲೂ ಆಯೋಗದ ಬಾಗಿಲು ತಟ್ಟಬೇಕು.

ಎರಡನೆಯದು ಬೆಂಕಿ ಬಿದ್ದಾಗಿನ ಕೆಲಸ. ಮಹಾನಿರ್ದೇಶಕರ ಅಧಿಕಾರಿಗಳು ನ್ಯಾಯಾಧೀಶರ ಅಪ್ಪಣೆ ಪಡೆದು ಬೆಳಗಿನಲ್ಲಿ ಕಚೇರಿಗೆ ಬಂದಿಳಿಯುತ್ತಾರೆ. ಗಣಕಯಂತ್ರ, ದೂರವಾಣಿ, ಪತ್ರಗಳನ್ನು ವಶಪಡಿಸಿಕೊಳ್ಳುತ್ತಾರೆ. 2018ರ ಅಕ್ಟೋಬರಿನಲ್ಲಿ ಬಿಯರ್ ಕಂಪನಿಗಳ ಕಚೇರಿಗಳಲ್ಲಿ ಇಂಥ ಶೋಧ ನಡೆಯಿತು. 2021ರ ಸೆಪ್ಟೆಂಬರ್ 24ರಂದು ಆಯೋಗ ಹೊರಡಿಸಿದ ಆದೇಶದಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯ ಮೇಲೆ ಬಿದ್ದ ದಂಡವೇ 750 ಕೋಟಿ ರೂಪಾಯಿಗಳನ್ನು ಮೀರಿತ್ತು. ಬೆಲೆಯನ್ನು ಕುರಿತ ಮಾತುಕತೆಗೆ ಬಿಯರ್ ತಯಾರಕರ ಅಖಿಲ ಭಾರತ ಸಂಘವೇ ವೇದಿಕೆಯಾಗಿತ್ತೆಂದು ಆಯೋಗ ಕಂಡುಕೊಂಡು, ಆ ಸಂಘಕ್ಕೂ ದಂಡ ಹಾಕಿತು. ಆದೇಶ ಮೇಲ್ಮನವಿಗೆ ಹೋಯಿತು.

ಇದೇ ಪ್ರಕರಣದಲ್ಲಿ ಇನ್ನೊಂದು ಕಂಪನಿಗೆ ಪೂರ್ಣ ಮಾಫಿ ಸಿಕ್ಕಿತು. ಎಲ್ಲರಿಗಿಂತ ಮೊದಲು ತಾನೇ ಹೋಗಿ ಗುಟ್ಟನ್ನು ಬಿಚ್ಚಿಟ್ಟದ್ದೇ ಅದಕ್ಕೆ ಕಾರಣ. ಒಳಕೂಟವನ್ನು ಒಡೆಯಲು ಕಾಯಿದೆ ಹೂಡಿರುವ ಉಪಾಯ ಇದು: ಮೊದಲು ಬಂದು ಒಪ್ಪಿಕೊಂಡವನಿಗೆ ದಂಡದಲ್ಲಿ ನೂರಕ್ಕೆ ನೂರರವರೆಗೂ ಮಾಫಿ, ಎರಡನೆಯವನಿಗೆ ಐವತ್ತರವರೆಗೆ, ಮೂರನೆಯವನಿಗೆ ಮೂವತ್ತರವರೆಗೆ. ಆದುದರಿಂದ ತಪ್ಪೊಪ್ಪಿಗೆಗೂ ಇಲ್ಲಿ ಪೈಪೋಟಿ! ತನ್ನ ಕಕ್ಷಿದಾರ ತಪ್ಪಿತಸ್ಥನೆಂದು ತಿಳಿದೊಡನೆ ವಕೀಲನ ಎದುರಿಗೆ ಬಂದು ನಿಲ್ಲುವ ಪ್ರಶ್ನೆ, ‘ವಾದಿಸುವುದೋ, ಓಡಿಹೋಗಿ ಸಾಲಿನಲ್ಲಿ ಮೊದಲಿಗನಾಗುವುದೋ?’ ಎಂಬುದು. ಕಳ್ಳರ ನಡುವಿನ ನಂಬಿಕೆಯನ್ನು ಕೆಡಿಸುವುದೇ ಸಾಧುಗಳಿಗೆ ರಕ್ಷೆ ಎಂಬ ಹಳೆಯ ನೀತಿ ಇಲ್ಲಿ ಶಾಸನವಾಗಿ ಬಂದಿದೆ.

ಮುನ್ನೂರ ಎಂಬತ್ತೆಂಟರ ಕಥೆ

ಸರಕಾರಿ ಗೋದಾಮುಗಳಲ್ಲಿ ಧಾನ್ಯಕ್ಕೆ ಹುಳು ಹಿಡಿಯದಂತೆ ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಗುಳಿಗೆಗಳನ್ನು ಇಡುತ್ತಾರೆ. ಇವುಗಳನ್ನು ಕೊಳ್ಳಲು ಭಾರತ ಆಹಾರ ನಿಗಮ 2009ರಲ್ಲಿ ಟೆಂಡರ್ ಕರೆಯಿತು. ಮೂರು ಕಂಪನಿಗಳು ಬೇರೆ ಬೇರೆಯಾಗಿ ಮೊಹರು ಮಾಡಿದ ಲಕೋಟೆಗಳನ್ನು ಸಲ್ಲಿಸಿದುವು. ತೆರೆದು ನೋಡಿದರೆ ಮೂರರಲ್ಲಿಯೂ ಒಂದೇ ಅಂಕಿ: ಕಿಲೋ ಒಂದಕ್ಕೆ 388 ರೂಪಾಯಿ! ಕಾರ್ಖಾನೆಗಳು ಬೇರೆ, ಖರ್ಚುಗಳು ಬೇರೆ, ಸಾಗಣೆಯ ದೂರಗಳು ಬೇರೆ. ಬೆಲೆ ಮಾತ್ರ ರೂಪಾಯಿಯ ಅಂತರವೂ ಇಲ್ಲದಂತೆ ಒಂದೇ. ಆಯೋಗ 2012ರಲ್ಲಿ ಮೂರಕ್ಕೂ ದಂಡ ವಿಧಿಸಿತು. ಎಲ್ಲ ಸೇರಿ ಅದು 317 ಕೋಟಿಯನ್ನು ಮೀರಿತ್ತು.

ವಕೀಲರ ಚಾತುರ್ಯ ಕಾಣಬೇಕಾದರೆ ಮುಂದಿನ ಅಧ್ಯಾಯವನ್ನು ನೋಡಬೇಕು. ಒಳಕೂಟ ನಡೆಯಲಿಲ್ಲವೆಂಬ ವಾದ ಕೊನೆಗೂ ನಿಲ್ಲಲಿಲ್ಲ. ಆದರೆ ದಂಡದ ಲೆಕ್ಕಕ್ಕೆ ಯಾವ ವಹಿವಾಟನ್ನು ಹಿಡಿಯಬೇಕು? ಒಂದು ಕಂಪನಿ ಹತ್ತಾರು ಸಾಮಾನುಗಳನ್ನು ತಯಾರಿಸುತ್ತಿದ್ದು, ತಪ್ಪು ಒಂದರಲ್ಲಿ ಮಾತ್ರ ನಡೆದಿದ್ದರೆ ಎಲ್ಲದರ ಮೇಲೂ ದಂಡ ಹಾಕುವುದು ನ್ಯಾಯವೆ? ಎಕ್ಸೆಲ್ ಕ್ರಾಪ್ ಕೇರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಮೇ 8ರಂದು, ತಪ್ಪು ನಡೆದ ಸಾಮಾನಿನ ವಹಿವಾಟನ್ನಷ್ಟೇ ಹಿಡಿಯಬೇಕೆಂದು ತೀರ್ಪಿತ್ತಿತು. ದಂಡದ ಮೊತ್ತ ಬಹುವಾಗಿ ಇಳಿಯಿತು. ಸಂಸತ್ತು ಸುಮ್ಮನಿರಲಿಲ್ಲ. 2023ರ ತಿದ್ದುಪಡಿಯು ವಹಿವಾಟೆಂದರೆ ಜಗತ್ತಿನಾದ್ಯಂತ ಎಲ್ಲ ಸಾಮಾನುಗಳಿಂದ ಬಂದ ವಹಿವಾಟು ಎಂದು ಹೇಳಿತು. 2024ರ ಮಾರ್ಗಸೂಚಿಗಳು ಎರಡಕ್ಕೂ ನಡುವಿನ ಒಂದು ದಾರಿಯನ್ನು ಹಾಕಿದುವು: ಲೆಕ್ಕ ತೊಡಗುವುದು ಆ ಸಾಮಾನಿನ ವಹಿವಾಟಿನಿಂದ, ಆದರೆ ಒಟ್ಟು ದಂಡ ಜಾಗತಿಕ ವಹಿವಾಟಿನ ನೂರಕ್ಕೆ ಹತ್ತನ್ನು ಮೀರಕೂಡದು. ಒಂದು ಪದದ ಅರ್ಥದ ಮೇಲೆ ನೂರಾರು ಕೋಟಿ ಆಚೀಚೆ ಸರಿಯುವ ವೃತ್ತಿ ಇದು. ಇದರ ಫೀಸು ದುಬಾರಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ವಾದವೆಲ್ಲ ಆಯೋಗದ ಎದುರಿಗೇ ನಡೆಯುತ್ತದೆಂದೂ ಭಾವಿಸಬೇಕಾಗಿಲ್ಲ. 2020ರ ಜನವರಿಯಲ್ಲಿ ಆಯೋಗವು ದಿಲ್ಲಿಯ ವ್ಯಾಪಾರಿಗಳ ದೂರಿನ ಮೇಲೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕಂಪನಿಗಳ ವಿರುದ್ಧ ತನಿಖೆಗೆ ಅಪ್ಪಣೆ ಮಾಡಿತು. ಕೆಲವು ಮೊಬೈಲ್ ಫೋನುಗಳನ್ನು ತಮ್ಮಲ್ಲಿಯೇ ಮಾರುವ ಒಪ್ಪಂದ, ಕೆಲವು ಮಾರಾಟಗಾರರಿಗೆ ವಿಶೇಷ ಆದರ, ವಿಪರೀತ ರಿಯಾಯಿತಿ, ಇವು ದೂರಿನ ವಿಷಯಗಳು. ಕಂಪನಿಗಳು ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕು ತಡೆಯಾಜ್ಞೆ ತಂದುವು. 2021ರ ಜೂನ್ 11ರಂದು ಏಕಸದಸ್ಯ ಪೀಠವೂ ಜುಲೈ 23ರಂದು ವಿಭಾಗೀಯ ಪೀಠವೂ ಅವರ ಅರ್ಜಿಗಳನ್ನು ತಳ್ಳಿಹಾಕಿದುವು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೂಡ ಕೈಹಾಕಲು ಒಪ್ಪಲಿಲ್ಲ. ತನಿಖೆ ಆರಂಭವಾಗಬೇಕೆ ಬೇಡವೆ ಎಂಬ ಒಂದೇ ಪ್ರಶ್ನೆಗೆ ಒಂದೂವರೆ ವರ್ಷ ಹಿಡಿಯಿತು. ಅಷ್ಟು ದಿನ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಸಣ್ಣ ವ್ಯಾಪಾರಿ ಕಾಯುತ್ತಲೇ ಇರಬೇಕಾಯಿತು. ಹಣವುಳ್ಳವನಿಗೆ ಕಾಲವೂ ಒಂದು ವಕೀಲನೇ.

ಕನ್ನಡಕ್ಕೆ ಬಂದ ಖಟ್ಲೆ

ಇಲ್ಲಿಯವರೆಗಿನದು ಹಣದ ಕಥೆ. ಆದರೆ ಈ ಕಾನೂನು ಕನ್ನಡಿಗರ ಹೃದಯದ ಹತ್ತಿರಕ್ಕೇ ಬಂದ ಪ್ರಸಂಗವೊಂದುಂಟು. ಅದರಲ್ಲಿ ಲಾಭಕೋರ ಕಂಪನಿಯಿರಲಿಲ್ಲ. ಎರಡು ಕಡೆಯವರೂ ಕನ್ನಡದ ಹೆಸರಿನಲ್ಲಿಯೇ ಮಾತಾಡುತ್ತಿದ್ದರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂದಿತು. ಮುಂದೆ ಬಹುಕಾಲ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಅವುಗಳಿಗೂ ಕನ್ನಡನಾಡಿನ ಚಿತ್ರಮಂದಿರಗಳಲ್ಲಿ ಜಾಗವಿಲ್ಲ. ಅಂಥ ಸ್ಥಿತಿಯಲ್ಲಿ ಅನ್ಯಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಅಂಟಿಸಿ ಬಿಡುಗಡೆ ಮಾಡಿದರೆ ಕನ್ನಡದ ನಟನಿಗೆ, ತಂತ್ರಜ್ಞನಿಗೆ, ಬರಹಗಾರನಿಗೆ ಅನ್ನವೆಲ್ಲಿ? 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದ ಕನ್ನಡ ಕಟ್ಟಾಳುಗಳು ಡಬ್ಬಿಂಗಿನ ವಿರುದ್ಧ ದನಿಯೆತ್ತಿದರು. ರಾಜಕುಮಾರರ ಬೆಂಬಲ ದೊರೆಯಿತು. ಡಬ್ಬಿಂಗ್ ನಿಂತಿತು. ಯಾವ ಶಾಸನವೂ ಅದನ್ನು ನಿಷೇಧಿಸಲಿಲ್ಲ. ಚಿತ್ರರಂಗದ ಒಮ್ಮತವೇ ಕಾನೂನಾಯಿತು. ಆ ಒಮ್ಮತದ ನೆರಳಿನಲ್ಲಿ ಕನ್ನಡ ಚಿತ್ರೋದ್ಯಮ ಬೇರೂರಿ ಬೆಳೆಯಿತೆಂಬುದನ್ನು ಅಲ್ಲಗಳೆಯುವುದು ಕಷ್ಟ.

ಅರ್ಧ ಶತಮಾನ ಸಂದಿತು. ಮದರಾಸಿನ ದಿನಗಳು ಹೋದುವು; ಬೆಂಗಳೂರಿನಲ್ಲಿ ಉದ್ಯಮ ಬೆಳೆಯಿತು; ಮನೆಮನೆಗೆ ದೂರದರ್ಶನದ ನೂರು ವಾಹಿನಿಗಳು ಬಂದುವು. ಹುಬ್ಬಳ್ಳಿಯ ಚಿತ್ರಮಂದಿರದಲ್ಲಿ ಹಿಂದಿ ಚಿತ್ರ ಹಿಂದಿಯಲ್ಲಿಯೇ ಓಡಬಹುದಾಗಿತ್ತು, ಬೆಂಗಳೂರಿನಲ್ಲಿ ತಮಿಳು ಚಿತ್ರ ತಮಿಳಿನಲ್ಲಿಯೇ ಓಡಬಹುದಾಗಿತ್ತು. ಅವು ಕನ್ನಡದಲ್ಲಿ ಮಾತಾಡುವುದಕ್ಕೆ ಮಾತ್ರ ಅಡ್ಡಿ! ಕಾಡುಪ್ರಾಣಿಗಳನ್ನೂ ನಕ್ಷತ್ರಲೋಕವನ್ನೂ ತೋರಿಸುವ ಜ್ಞಾನದ ಕಾರ್ಯಕ್ರಮವನ್ನು ತಮಿಳಿನ ಮಗು ತಮಿಳಿನಲ್ಲಿ, ತೆಲುಗಿನ ಮಗು ತೆಲುಗಿನಲ್ಲಿ ನೋಡುವಾಗ, ಕನ್ನಡದ ಮಗು ಇಂಗ್ಲಿಷನ್ನೋ ಹಿಂದಿಯನ್ನೋ ಕಲಿತು ನೋಡಬೇಕು. ಕನ್ನಡವನ್ನು ಕಾಪಾಡಲೆಂದು ಹಾಕಿದ ಬೇಲಿಯೇ ಕನ್ನಡಿಗನನ್ನು ಬೇರೆ ಭಾಷೆಯ ಕಡೆಗೆ ತಳ್ಳುತ್ತಿಲ್ಲವೆ ಎಂಬುದು ಡಬ್ಬಿಂಗ್ ಪರವಾದವರ ಪ್ರಶ್ನೆಯಾಗಿತ್ತು.

2012ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ಕಾರ್ಯಕ್ರಮ ಹಲವು ಭಾರತೀಯ ಭಾಷೆಗಳಲ್ಲಿ ಪ್ರಸಾರಕ್ಕೆ ಸಿದ್ಧವಾದಾಗ ವಿರೋಧದಿಂದಾಗಿ ಕನ್ನಡ ತಪ್ಪಿಹೋಯಿತು. ಅದೇ ವರ್ಷ ‘ಕನ್ನಡ ಗ್ರಾಹಕರ ಕೂಟ’ವೆಂಬ ಸಂಸ್ಥೆ ಸ್ಪರ್ಧಾ ಆಯೋಗಕ್ಕೆ ದೂರಿತ್ತಿತು. ಕೋರ್ಟಿಗಲ್ಲ, ಸರಕಾರಕ್ಕಲ್ಲ, ಸ್ಪರ್ಧಾ ಆಯೋಗಕ್ಕೆ! ಭಾಷೆಯ ಪ್ರಶ್ನೆಯೊಂದು ಪೇಟೆಯ ಕಾನೂನಿನ ಬಾಗಿಲಿಗೆ ಹೋದದ್ದು ಹಲವರಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೆ ದೂರಿನ ತಿರುಳು ಸರಳವಾಗಿತ್ತು: ನಿರ್ಮಾಪಕರು, ವಿತರಕರು, ಪ್ರದರ್ಶಕರು, ಅಂದರೆ ಮಾರುವವರೆಲ್ಲ ಒಂದಾಗಿ ಒಂದು ಬಗೆಯ ಸರಕು ಪೇಟೆಗೇ ಬಾರದಂತೆ ತಡೆದಿದ್ದಾರೆ, ಕೊಳ್ಳುವವನನ್ನು ಯಾರೂ ಕೇಳಿಲ್ಲ.

ಚಿತ್ರರಂಗ ಕೆರಳಿತು. 2014ರ ಜನವರಿಯಲ್ಲಿ ಡಬ್ಬಿಂಗ್ ವಿರೋಧಿಸಿ ತಾರೆಯರೂ ಕಾರ್ಮಿಕರೂ ಬೆಂಗಳೂರಿನಲ್ಲಿ ಬೀದಿಗಿಳಿದರು. ಅವರ ಆತಂಕ ಹುಸಿಯಾಗಿರಲಿಲ್ಲ. ನೂರು ಕೋಟಿ ಸುರಿದು ಮಾಡಿದ ಹಿಂದಿ ಚಿತ್ರ ಕನ್ನಡದಲ್ಲಿಯೇ ಬಂದು ನಿಂತರೆ ಎರಡು ಕೋಟಿಯ ಕನ್ನಡ ಚಿತ್ರ ಅದರೆದುರು ಸೆಣಸುವುದೆಂತು? ಧಾರಾವಾಹಿಗಳನ್ನು ನಂಬಿ ಬದುಕುವ ಸಾವಿರಾರು ಕುಟುಂಬಗಳ ಗತಿಯೇನು? ಆಯೋಗದ ಎದುರಿನ ಯಾವ ಅರ್ಥಶಾಸ್ತ್ರದ ಕೋಷ್ಟಕದಲ್ಲಿಯೂ ಈ ಪ್ರಶ್ನೆಗೆ ಪೂರ್ಣ ಉತ್ತರ ಸಿಗುವಂತಿರಲಿಲ್ಲ.

2015ರ ಜುಲೈ 27ರಂದು ಆಯೋಗದ ಆದೇಶ ಹೊರಬಿದ್ದಿತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಈ ಮೂರು ಸಂಸ್ಥೆಗಳು ಪೈಪೋಟಿಯನ್ನು ಅಡ್ಡಗಟ್ಟಿವೆಯೆಂದು ಅದು ತೀರ್ಮಾನಿಸಿತು. ಮೂರಕ್ಕೂ ಸೇರಿ ದಂಡ ಸುಮಾರು 20 ಲಕ್ಷ ರೂಪಾಯಿ. ಬಿಯರ್ ಕಂಪನಿಗಳ ದಂಡದ ಮುಂದೆ ಇದು ಚಿಲ್ಲರೆ ಕಾಸು. ಆದರೆ ಅರ್ಧ ಶತಮಾನದ ಒಂದು ಅಲಿಖಿತ ಕಟ್ಟಳೆಯ ಬುಡವನ್ನು ಅದು ಅಲುಗಿಸಿತು.

ಇಂಥದೇ ಪ್ರಶ್ನೆ ಬಂಗಾಳದಿಂದಲೂ ಎದ್ದಿತ್ತು. ಅಲ್ಲಿ 2011ರಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿಯನ್ನು ಬಂಗಾಳಿಗೆ ಡಬ್ ಮಾಡಿ ಪ್ರಸಾರ ಮಾಡಲು ಹೊರಟಾಗ, ಕಲಾವಿದರ ಮತ್ತು ತಂತ್ರಜ್ಞರ ಸಮನ್ವಯ ಸಮಿತಿಯೂ ಚಿತ್ರ ವ್ಯಾಪಾರಿಗಳ ಸಂಘವೂ ವಾಹಿನಿಗಳಿಗೆ ಅಸಹಕಾರದ ಬೆದರಿಕೆಯ ಪತ್ರ ಬರೆದಿದ್ದುವು. ಆಯೋಗ ಅದನ್ನು ತಪ್ಪೆಂದಿತು. ಮೇಲ್ಮನವಿ ನ್ಯಾಯಮಂಡಳಿ ತಪ್ಪಲ್ಲವೆಂದಿತು. ಕೊನೆಗೆ 2017ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಆಯೋಗದ ಮಾತನ್ನೇ ಎತ್ತಿಹಿಡಿಯಿತು. ಕಾರ್ಮಿಕರ ಸಂಘವಾಗಿ ಮಾಡಿದ ಹೋರಾಟವೆಂಬ ವಾದ, ವ್ಯಾಪಾರ ನಡೆಸುವವರೇ ಆ ಸಂಘಗಳ ಸದಸ್ಯರಾಗಿದ್ದಾಗ ನಿಲ್ಲುವುದಿಲ್ಲವೆಂಬುದು ಆ ತೀರ್ಪಿನ ಸಾರ.

ಈ ತೀರ್ಪುಗಳು ಎಳೆದ ಗೆರೆಯನ್ನು ಸರಿಯಾಗಿ ಅರಿತುಕೊಳ್ಳುವುದು ಅಗತ್ಯ. ಡಬ್ಬಿಂಗ್ ಒಳ್ಳೆಯದೆಂದು ಅವು ಹೇಳಲಿಲ್ಲ. ನಟನೊಬ್ಬ ತನ್ನ ಚಿತ್ರ ಡಬ್ ಆಗಕೂಡದೆಂದು ಪಟ್ಟು ಹಿಡಿಯಬಹುದು. ಪ್ರೇಕ್ಷಕ ಡಬ್ಬಿಂಗ್ ಚಿತ್ರವನ್ನು ನೋಡದೆ ಇರಬಹುದು. ಬರಹಗಾರ ಅದರ ವಿರುದ್ಧ ಬರೆಯಬಹುದು, ಕಾರ್ಮಿಕ ತನ್ನ ಕೂಲಿಗಾಗಿ ಹೋರಾಡಬಹುದು. ವ್ಯಾಪಾರದಲ್ಲಿರುವವರು ಒಟ್ಟುಗೂಡಿ, ಇನ್ನೊಬ್ಬನ ಸರಕಿಗೆ ಪೇಟೆಯ ಬಾಗಿಲನ್ನೇ ಮುಚ್ಚುವುದು ಮಾತ್ರ ಸಲ್ಲದು. ಆ ಬಾಗಿಲನ್ನು ಮುಚ್ಚಿದ ಉದ್ದೇಶ ಉದಾತ್ತವಾಗಿತ್ತೆಂಬುದರಿಂದ, ಹೊರಗೆ ನಿಂತ ಗಿರಾಕಿಯ ನಷ್ಟ ತಪ್ಪುವುದಿಲ್ಲ.

ಮುಂದೇನಾಯಿತು? 2017ರ ಮಾರ್ಚಿನಲ್ಲಿ ತಮಿಳಿನಿಂದ ಬಂದ ‘ಸತ್ಯದೇವ್ ಐಪಿಎಸ್’ ಪ್ರತಿಭಟನೆಗಳ ನಡುವೆ ಕನ್ನಡದಲ್ಲಿ ತೆರೆ ಕಂಡಿತು. 2020ರ ಲಾಕ್‌ಡೌನಿನ ದಿನಗಳಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡದ ಮಾತಿನೊಡನೆ ಮನೆಮನೆಯ ಕಿರುತೆರೆಗೆ ಬಂದು ಬಹಳ ಮೆಚ್ಚುಗೆ ಪಡೆಯಿತು. ಇತ್ತ 2018ರ ‘ಕೆ.ಜಿ.ಎಫ್.’, 2022ರ ‘ಕಾಂತಾರ’ಗಳು ಹಿಂದಿ, ತೆಲುಗು, ತಮಿಳುಗಳಲ್ಲಿ ಮಾತಾಡಿ ದೇಶವನ್ನೆಲ್ಲ ಸುತ್ತಿಬಂದುವು. ನೆರೆಯ ಚಿತ್ರರಂಗಗಳೂ ನಮ್ಮಂತೆಯೇ ಬೇಲಿ ಹಾಕಿದ್ದರೆ ಕನ್ನಡದ ಆ ಚಿತ್ರಗಳ ಗತಿ ಏನಾಗುತ್ತಿತ್ತೆಂಬುದು ಯೋಚಿಸತಕ್ಕ ಮಾತು. ಸಣ್ಣ ಬಂಡವಾಳದ ಒಳ್ಳೆಯ ಕನ್ನಡ ಚಿತ್ರಕ್ಕೆ ಚಿತ್ರಮಂದಿರ ಸಿಗುವುದು ಇಂದಿಗೂ ಕಷ್ಟವೆಂಬುದೂ ಅಷ್ಟೇ ನಿಜ. ಅದಕ್ಕೆ ಸಹಾಯಧನ, ಚಿತ್ರಮಂದಿರ, ಒಳ್ಳೆಯ ಕಥೆ ಬೇಕು; ಆ ಔಷಧ ಸ್ಪರ್ಧಾ ಕಾನೂನಿನ ಚೀಲದಲ್ಲಿಲ್ಲ.

ಸಂಘ ಎಲ್ಲಿಯವರೆಗೆ?

ಹಳೆಯ ಧಾರವಾಡ ಜಿಲ್ಲೆಗೆ ‘ಸಂಘ’ ಎಂಬ ಮಾತು ಪೂಜ್ಯವಾದದ್ದು. ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದರು. ಬಡ ರೈತರು ಕೂಡಿ ಸಾಲದ ಹೊರೆಯಿಂದ ಪಾರಾಗಲು ಕಟ್ಟಿದ ಸಂಘ ಅದು. ದುರ್ಬಲರು ಕೂಡಿದರೆ ಬಲ. ಇದನ್ನು ಯಾವ ಕಾನೂನೂ ಅಲ್ಲಗಳೆಯುವುದಿಲ್ಲ. ಜಂಟಿ ಉದ್ಯಮದಿಂದ ಉತ್ಪಾದನೆಯ ದಕ್ಷತೆ ಹೆಚ್ಚುವುದಾದರೆ ಸ್ಪರ್ಧಾ ಕಾಯಿದೆಯೇ ಅದಕ್ಕೆ ಎಡೆಗೊಟ್ಟಿದೆ. ಹಾಗಾದರೆ ಸಂಘವು ಒಳಕೂಟವಾಗುವುದು ಯಾವ ಗಳಿಗೆಯಲ್ಲಿ?

ಔಷಧ ವ್ಯಾಪಾರಿಗಳ ಉದಾಹರಣೆ ನೋಡಬಹುದು. ಔಷಧ ಕಂಪನಿಯೊಂದು ಹೊಸ ವಿತರಕನನ್ನು ನೇಮಿಸಬೇಕಾದರೆ ಸ್ಥಳೀಯ ಸಂಘದಿಂದ ‘ನಮ್ಮ ಅಡ್ಡಿಯಿಲ್ಲ’ವೆಂಬ ಪತ್ರ ತರಬೇಕೆಂಬ ರೂಢಿ ದೇಶದ ಹಲವೆಡೆ ಇತ್ತು. ಹಳಬರು ಹೊಸಬನಿಗೆ ಅಪ್ಪಣೆ ಕೊಡಬೇಕು! ಆಯೋಗ 2013ರಿಂದ ಆದೇಶದ ಮೇಲೆ ಆದೇಶ ಹೊರಡಿಸಿ ಈ ರೂಢಿಯನ್ನು ತಪ್ಪೆಂದಿತು. 2016ರಲ್ಲಿ ಕರ್ನಾಟಕದ ಔಷಧ ವ್ಯಾಪಾರಿಗಳ ಸಂಘವೂ ವಿಚಾರಣೆಗೆ ಒಳಗಾಯಿತು. ಹೊಸ ಅಂಗಡಿ ತೆರೆಯಬೇಕೆಂದಿರುವ ತರುಣನಿಗೂ, ಔಷಧ ಸಿಗದೆ ಬೀದಿ ಬೀದಿ ಅಲೆಯುವ ರೋಗಿಗೂ ಈ ಆದೇಶಗಳ ಬೆಲೆ ಗೊತ್ತಾದೀತು.

ರಾಯಾಪುರದ ಶೆಡ್ಡುಗಳಲ್ಲಿ ಬಿಡಿಭಾಗ ತಯಾರಿಸುವಂಥವರಿಗೂ ಈ ಮಾತು ಸಲ್ಲುತ್ತದೆ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿದೆ. ರೈಲ್ವೆಗಳಿಗೆ ಸಣ್ಣ ಪುಟ್ಟ ಸಾಮಾನು ಒದಗಿಸುವವರು ದೇಶದ ತುಂಬ ಇದ್ದಾರೆ. 2022ರಲ್ಲಿ ದೇಶದ ಬೇರೆಡೆ ರೈಲ್ವೆಗೆ ಬಿಡಿಭಾಗ ಒದಗಿಸುವ ಕೆಲವು ಸಣ್ಣ ಕಂಪನಿಗಳು ಟೆಂಡರಿನ ದರಗಳನ್ನು ಮೊದಲೇ ಮಾತಾಡಿಕೊಂಡಿದ್ದುವೆಂದು ಆಯೋಗ ತೀರ್ಮಾನಿಸಿತು. ಅವು ಸಣ್ಣ ಉದ್ಯಮಗಳೆಂಬುದನ್ನೂ ತನಿಖೆಗೆ ಸಹಕರಿಸಿದುದನ್ನೂ ಗಮನಿಸಿ, ದಂಡ ವಿಧಿಸದೆ, ‘ಇನ್ನು ಮುಂದೆ ಹೀಗೆ ಮಾಡಬೇಡಿರಿ’ ಎಂದು ಬಿಟ್ಟಿತು. ಎಲ್ಲ ಸಲವೂ ಹಾಗೆಯೇ ಬಿಟ್ಟೀತೆಂದು ನಂಬಿ ಕೂರುವಂತಿಲ್ಲ. ಒಳಕೂಟ ನಡೆದ ಪ್ರತಿವರ್ಷಕ್ಕೂ ಲಾಭದ ಮೂರು ಪಟ್ಟಿನವರೆಗೆ, ಇಲ್ಲವೆ ವಹಿವಾಟಿನ ನೂರಕ್ಕೆ ಹತ್ತರವರೆಗೆ, ಯಾವುದು ಹೆಚ್ಚೋ ಅಷ್ಟು ದಂಡ ಹಾಕುವ ಅಧಿಕಾರ ಆಯೋಗಕ್ಕುಂಟು.

ದೊಡ್ಡ ವಕೀಲಿ ಸಂಸ್ಥೆಗಳು ದೊಡ್ಡ ಕಂಪನಿಗಳಿಗೆ ಫೀಸು ಪಡೆದು ಕೊಡುವ ಬುದ್ಧಿವಾದವನ್ನು ಸಣ್ಣವರು ಬಿಟ್ಟಿಯಾಗಿಯೇ ಪಡೆಯಬಹುದು, ಏಕೆಂದರೆ ಅದು ಅಷ್ಟು ಸರಳ. ಸಂಘದ ಸಭೆಗೆ ಮುಂದಾಗಿಯೇ ವಿಷಯಸೂಚಿ ಇರಲಿ. ನಡಾವಳಿ ಬರೆದಿಡಿರಿ. ತೆರಿಗೆ, ರಸ್ತೆ, ನೀರು, ವಿದ್ಯುತ್ತು, ಕಾರ್ಮಿಕರ ಸುರಕ್ಷತೆ, ಸರಕಾರಕ್ಕೆ ಮನವಿ, ಇವನ್ನು ಮನಸಾರೆ ಚರ್ಚಿಸಿರಿ. ಯಾರಾದರೂ ‘ಈ ಟೆಂಡರಿಗೆ ನೀವೆಷ್ಟು ಹಾಕುತ್ತೀರಿ?’ ಎಂದು ಬಾಯಿ ತೆರೆದರೆ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸಿ ಎದ್ದು ಹೋಗಿರಿ. ಮೌನವಾಗಿ ಕುಳಿತು ಚಹಾ ಕುಡಿದವನನ್ನೂ ಕಾನೂನು ಒಪ್ಪಿದವನೆಂದೇ ಎಣಿಸುವ ಅಪಾಯವುಂಟು.

ರಾಯಾಪುರಕ್ಕೆ ಹತ್ತಿರದ ನವನಗರದಲ್ಲಿ 2009ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ತಲೆಯೆತ್ತಿತು. ಸ್ಪರ್ಧಾ ಕಾಯಿದೆ ಜಾರಿಗೆ ಬಂದ ವರ್ಷವೇ ಅದು ಹುಟ್ಟಿದ್ದು ಆಕಸ್ಮಿಕ. ಕಾನೂನು ಓದುವ ತರುಣ ತರುಣಿಯರಲ್ಲಿ ಕೆಲವರು ನಾಳೆ ಮಹಾನಗರದ ದೊಡ್ಡ ಕಚೇರಿಗಳನ್ನು ಸೇರಿ ಕಂಪನಿಗಳ ಪರವಾಗಿ ವಾದಿಸಿಯಾರು; ಅದು ಅವರ ವೃತ್ತಿ, ತಪ್ಪೇನಿಲ್ಲ. ಆರೋಪಿಗೂ ಒಬ್ಬ ಸಮರ್ಥ ವಕೀಲ ಬೇಕು. ಆದರೆ ದೂರು ಕೊಡುವ ಗಿರಾಕಿಗೂ, ಟೆಂಡರಿನಿಂದ ಹೊರಬಿದ್ದ ಸಣ್ಣ ತಯಾರಕನಿಗೂ, ‘ಅಡ್ಡಿಯಿಲ್ಲ’ ಪತ್ರಕ್ಕಾಗಿ ಅಲೆದ ಅಂಗಡಿಕಾರನಿಗೂ ಅಷ್ಟೇ ಸಮರ್ಥನಾದ ವಕೀಲ ಸಿಗುವುದೆಂದು? ಕನ್ನಡ ಗ್ರಾಹಕರ ಕೂಟದಂಥ ಒಂದು ಸಣ್ಣ ಸಂಸ್ಥೆ ಒಂದು ದೂರಿನಿಂದ ಅರ್ಧ ಶತಮಾನದ ಬಾಗಿಲನ್ನು ತಟ್ಟಬಲ್ಲುದಾದರೆ, ಕಾನೂನು ಬಲ್ಲವರಿಗಾಗಿಯೇ ಇರತಕ್ಕದ್ದು ಎಂಬ ಭಾವನೆಗೆ ಆಧಾರವಿಲ್ಲ. ಮುಚ್ಚಿದ ಕೋಣೆಯಲ್ಲಿ ಬೆಲೆ ನಿಶ್ಚಯವಾಗುವಾಗ ಅಲ್ಲಿಲ್ಲದಿರುವವನು ಯಾವಾಗಲೂ ಗಿರಾಕಿಯೇ. ಅವನ ಪರವಾಗಿ ಒಂದು ಕುರ್ಚಿಯನ್ನು ಆ ಕೋಣೆಯಲ್ಲಿ ಹಾಕಿಸಿದ್ದೇ ಈ ಕಾಯಿದೆಯ ಸಾಧನೆ. ಆ ಕುರ್ಚಿಯಲ್ಲಿ ಕೂಡುವವರು ಬೇಕಾಗಿದ್ದಾರೆ.